ಕ್ಲಚ್ ಮತ್ತು ಗೇರಿನ ತೊಂದರೆಗಳು: ಬಿಚ್ಚುವ ಮುನ್ನ ಪರೀಕ್ಷಿಸಿ

(ಚಂದಕವಾಡಿ ಹೋಬಳಿಯ ಜೀಪು ಮತ್ತು ಟ್ರ್ಯಾಕ್ಟರ್ ಹೊಂದಿರುವ ರೈತರಿಗಾಗಿ ಮಾಡಿದ ಭಾಷಣದ ಪಾಠ)

ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯ ಬೇಸಾಯಕ್ಕೆ ಭರಣಿ ಮಳೆಯೆಂದರೆ ವರ್ಷದ ಬಾಗಿಲು ತೆರೆದಂತೆ. ಮಳೆ ಬಿದ್ದು ಭೂಮಿ ಹದಕ್ಕೆ ಬಂದರೆ ಆ ಹದ ನಿಲ್ಲುವುದು ಕೆಲವೇ ದಿನ. ಅಷ್ಟರೊಳಗೆ ಉಳುಮೆ, ಹರಗುವಿಕೆ, ಬಿತ್ತನೆ ಮುಗಿಯಬೇಕು. ಎರೆ ಭೂಮಿಯಲ್ಲಂತೂ ಒಂದು ದಿನ ಮುಂಚೆ ಇಳಿದರೆ ಕೆಸರು, ಎರಡು ದಿನ ತಡವಾದರೆ ಹೆಂಟೆ. ಇಂತಹ ಸಮಯದಲ್ಲಿ ಟ್ರ್ಯಾಕ್ಟರು ಗ್ಯಾರೇಜಿನಲ್ಲಿ ಎರಡು ಭಾಗವಾಗಿ ಬಿದ್ದಿದ್ದರೆ ರೈತನಿಗೆ ಆಗುವ ನಷ್ಟ ಬಿಡಿಭಾಗದ ಬೆಲೆಯಲ್ಲ, ಒಂದು ಹಂಗಾಮಿನ ಬೆಳೆ.

ಹಾಗೆಯೇ ಅರಿಶಿನ, ಬಾಳೆ, ತರಕಾರಿಗಳನ್ನು ಹೊಲದಿಂದ ರಸ್ತೆಗೆ ತರಲು ಈ ಭಾಗದ ಅನೇಕರು ಹಳೆಯ ಜೀಪುಗಳನ್ನೇ ನೆಚ್ಚಿಕೊಂಡಿದ್ದಾರೆ. ಕಾಲುವೆ ಏರಿ, ಹಳ್ಳದ ಮರಳು, ಕಾಡಂಚಿನ ಕಲ್ಲು ದಾರಿ ಯಾವುದಕ್ಕೂ ಅಂಜದ ವಾಹನ ಅದು. ನಮ್ಮ ದೇಶದಲ್ಲಿ 1947ರಲ್ಲಿ ಜೋಡಣೆ ಆರಂಭವಾದ ವಿಲ್ಲೀಸ್ ಮಾದರಿಯ ಜೀಪಿನ ಸಂತತಿ ಇಂದಿಗೂ ಹಳ್ಳಿಗಳಲ್ಲಿ ಓಡಾಡುತ್ತಿದೆ. 1971ರಲ್ಲಿ ಎಚ್‌ಎಂಟಿ ಸಂಸ್ಥೆ ತಯಾರಿಸಲು ತೊಡಗಿದ ಟ್ರ್ಯಾಕ್ಟರುಗಳು ಈಗ ಹೊಸದಾಗಿ ಬರುತ್ತಿಲ್ಲವಾದರೂ, ಚೆನ್ನಾಗಿ ನೋಡಿಕೊಂಡ ಮನೆಗಳಲ್ಲಿ ಇನ್ನೂ ದುಡಿಯುತ್ತಿವೆ. ಯಂತ್ರ ಹಳೆಯದಾದಷ್ಟೂ ಅದರ ಮಾತನ್ನು ಅರ್ಥ ಮಾಡಿಕೊಳ್ಳುವವನು ಬೇಕು. ಕ್ಲಚ್ ಮತ್ತು ಗೇರುಗಳ ವಿಷಯದಲ್ಲಿ ಇದು ಬಹಳ ನಿಜ.

ಒಂದು ಸಾಮಾನ್ಯ ಸಂಗತಿ

ಈ ಸೀಮೆಯ ಯಾವ ಹಳ್ಳಿಯಲ್ಲಾದರೂ ನಡೆಯಬಹುದಾದ ಒಂದು ಸಂಗತಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ರೈತರೊಬ್ಬರು ಬೆಳಿಗ್ಗೆ ಜೀಪನ್ನು ಕೊಟ್ಟಿಗೆಯಿಂದ ಹಿಂದಕ್ಕೆ ತೆಗೆಯಲು ಹೋಗುತ್ತಾರೆ. ರಿವರ್ಸ್ ಗೇರು ಬೀಳುವುದಿಲ್ಲ. ಗರಗರ ಎಂದು ಹಲ್ಲು ಕಡಿಯುವ ಸದ್ದು. ಮೊದಲನೆಯ ಗೇರಿಗೂ ಅದೇ ಪಾಡು. ಬಲವಂತವಾಗಿ ಎಳೆದರೆ ವಾಹನ ಮುಗ್ಗರಿಸಿ ಎಂಜಿನ್ ನಿಲ್ಲುತ್ತದೆ. ದಾರಿಯಲ್ಲಿ ಹೋಗುತ್ತಿದ್ದ ಪರಿಚಯದ ಡ್ರೈವರೊಬ್ಬರು ಸದ್ದು ಕೇಳಿ, “ಗೇರ್ ಬಾಕ್ಸೇ ಹೋಗ್ಬುಟ್ಟದ ಕನಣ್ಣ, ಇಳಿಸ್ಬೇಕು” ಎಂದು ತೀರ್ಪು ಕೊಡುತ್ತಾರೆ. ಗೇರ್ ಬಾಕ್ಸ್ ಇಳಿಯುತ್ತದೆ. ಒಳಗೆ ನೋಡಿದರೆ ದೊಡ್ಡ ದೋಷವೇನೂ ಇಲ್ಲ. ಮತ್ತೆ ಜೋಡಿಸಿದರೆ ತೊಂದರೆ ಹಾಗೆಯೇ ಇದೆ! ಕೊನೆಗೆ ತಿಳಿಯುವುದೇನೆಂದರೆ, ಕ್ಲಚ್ ಪೆಡಲಿನಿಂದ ಫೋರ್ಕಿಗೆ ಹೋಗುವ ಸರಳಿನ ಲಾಕ್ ನಟ್ಟು ಸಡಿಲವಾಗಿತ್ತು. ಕೊಂಡಿಯ ಪಿನ್ನು ಅರ್ಧ ಸವೆದಿತ್ತು. ಎರಡು ಸ್ಪ್ಯಾನರು, ಒಂದು ಹೊಸ ಪಿನ್ನು, ಕಾಲು ಗಂಟೆಯ ಕೆಲಸ.

ಇಲ್ಲಿ ತಪ್ಪಿದ್ದು ಎಲ್ಲಿ? ಸದ್ದು ಗೇರ್ ಬಾಕ್ಸಿನಿಂದ ಬಂತು, ಆದ್ದರಿಂದ ದೋಷವೂ ಅಲ್ಲೇ ಇದೆ ಎಂದು ಎಣಿಸಿದ್ದೇ ತಪ್ಪು. ಮಗು ಅಳುವುದು ಬಾಯಿಂದ, ನೋವಿರುವುದು ಹೊಟ್ಟೆಯಲ್ಲಿ. ಗೇರಿನ ಹಲ್ಲುಗಳು ಅರಚುವುದಕ್ಕೆ ಬಹುಪಾಲು ಕಾರಣ ಕ್ಲಚ್ ಪೂರ್ತಿ ಬಿಡದಿರುವುದು. ಆದ್ದರಿಂದ ಏನನ್ನೂ ಬಿಚ್ಚುವ ಮುನ್ನ ಪರೀಕ್ಷೆ ಮಾಡಬೇಕು. ಈ ಪರೀಕ್ಷೆಗಳಿಗೆ ಯಾವ ಉಪಕರಣವೂ ಬೇಡ.

ಕ್ಲಚ್ ಮಾಡುವ ಕೆಲಸ

ಪರೀಕ್ಷೆಯ ಅರ್ಥ ತಿಳಿಯಲು ಕ್ಲಚ್ಚಿನ ರಚನೆ ಸ್ವಲ್ಪ ತಿಳಿದಿರಬೇಕು. ಎಂಜಿನ್ನಿನ ಹಿಂಬದಿಯಲ್ಲಿ ಫ್ಲೈವ್ಹೀಲ್ ಎಂಬ ಭಾರವಾದ ಚಕ್ರವಿದೆ. ಅದಕ್ಕೆ ಒರಗಿಕೊಂಡು ಕ್ಲಚ್ ಪ್ಲೇಟು ಇದೆ. ಈ ಪ್ಲೇಟಿನ ಎರಡು ಮುಖಗಳಿಗೂ ಒರಟಾದ ಲೈನಿಂಗ್ ಹಚ್ಚಿರುತ್ತದೆ. ಪ್ಲೇಟಿನ ಹಿಂದೆ ಪ್ರೆಷರ್ ಪ್ಲೇಟು. ಅದು ಸ್ಪ್ರಿಂಗುಗಳ ಬಲದಿಂದ ಕ್ಲಚ್ ಪ್ಲೇಟನ್ನು ಫ್ಲೈವ್ಹೀಲಿಗೆ ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಎರಡು ಅಂಗೈಗಳ ನಡುವೆ ರೊಟ್ಟಿಯನ್ನು ಒತ್ತಿ ಹಿಡಿದಂತೆ. ಅಂಗೈಗಳು ತಿರುಗಿದರೆ ರೊಟ್ಟಿಯೂ ತಿರುಗುತ್ತದೆ, ಅದಕ್ಕೆ ಜೋಡಿಸಿದ ಗೇರ್ ಬಾಕ್ಸಿನ ಶಾಫ್ಟೂ ತಿರುಗುತ್ತದೆ.

ಪೆಡಲ್ ತುಳಿದಾಗ ಸರಳು ಫೋರ್ಕನ್ನು ಎಳೆಯುತ್ತದೆ. ಫೋರ್ಕು ರಿಲೀಸ್ ಬೇರಿಂಗನ್ನು ಮುಂದಕ್ಕೆ ತಳ್ಳುತ್ತದೆ. ಬೇರಿಂಗು ಪ್ರೆಷರ್ ಪ್ಲೇಟಿನ ಫಿಂಗರುಗಳನ್ನು ಒತ್ತುತ್ತದೆ. ಆಗ ಹಿಡಿತ ಸಡಿಲಿ ಕ್ಲಚ್ ಪ್ಲೇಟು ಬಿಡುಗಡೆಯಾಗುತ್ತದೆ. ಎಂಜಿನ್ ತಿರುಗುತ್ತಿದ್ದರೂ ಗೇರ್ ಬಾಕ್ಸಿಗೆ ಚಲನೆ ಹೋಗುವುದಿಲ್ಲ. ಗೇರು ಬದಲಿಸಬೇಕಾದ್ದು ಆ ಗಳಿಗೆಯಲ್ಲಿ.

ಇಷ್ಟರಿಂದಲೇ ಕ್ಲಚ್ಚಿನ ಎರಡು ಮುಖ್ಯ ರೋಗಗಳು ಸ್ಪಷ್ಟವಾಗುತ್ತವೆ. ಹಿಡಿಯಬೇಕಾದಾಗ ಹಿಡಿಯದಿದ್ದರೆ ಅದು ಜಾರುವ ಕ್ಲಚ್. ಬಿಡಬೇಕಾದಾಗ ಬಿಡದಿದ್ದರೆ ಅದು ಎಳೆಯುವ ಕ್ಲಚ್. ಇವೆರಡರ ಲಕ್ಷಣಗಳೂ ಕಾರಣಗಳೂ ಬೇರೆ ಬೇರೆ.

ಮೊದಲನೆಯ ಪರೀಕ್ಷೆ: ಎಂಜಿನ್ ನಿಲ್ಲಿಸಿ ಗೇರು ಹಾಕುವುದು

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು ಕೊಡಬೇಕು. ಎಂಜಿನ್ ನಿಲ್ಲಿಸಿ, ಕ್ಲಚ್ ತುಳಿದು, ಒಂದೊಂದಾಗಿ ಎಲ್ಲ ಗೇರುಗಳನ್ನೂ ಹಾಕಿ ನೋಡಬೇಕು. ಕೆಲವೊಮ್ಮೆ ಹಲ್ಲಿಗೆ ಹಲ್ಲು ಎದುರಾಗಿ ಗೇರು ಬೀಳದಿರಬಹುದು. ಆಗ ನ್ಯೂಟ್ರಲಿಗೆ ತಂದು ಬ್ರೇಕ್ ಬಿಟ್ಟು ವಾಹನವನ್ನು ಕೈಯಿಂದ ಒಂದಂಗುಲ ಅಲುಗಿಸಿ ಮತ್ತೆ ಪ್ರಯತ್ನಿಸಬೇಕು.

ಎಂಜಿನ್ ನಿಂತಿರುವಾಗ ಎಲ್ಲ ಗೇರುಗಳೂ ಸಲೀಸಾಗಿ ಬಿದ್ದು, ಎಂಜಿನ್ ಚಾಲೂ ಮಾಡಿದಾಗ ಮಾತ್ರ ಬೀಳದಿದ್ದರೆ ದೋಷ ಕ್ಲಚ್ಚಿನಲ್ಲಿದೆ. ಎಂಜಿನ್ ನಿಂತಿರುವಾಗಲೂ ಗೇರು ಬೀಳದಿದ್ದರೆ ದೋಷ ಗೇರ್ ಲಿವರು, ಅದರ ಕೊಂಡಿಗಳು ಅಥವಾ ಗೇರ್ ಬಾಕ್ಸಿನ ಒಳಗಿದೆ. ಈ ಒಂದು ಪರೀಕ್ಷೆಯನ್ನು ಮಾಡಿದ್ದರೆ ಮೇಲೆ ಹೇಳಿದ ರೈತರ ಗೇರ್ ಬಾಕ್ಸ್ ಇಳಿಯುತ್ತಿರಲಿಲ್ಲ.

ಎರಡನೆಯ ಪರೀಕ್ಷೆ: ಕಾದು ರಿವರ್ಸ್ ಹಾಕುವುದು

ಎಂಜಿನ್ನನ್ನು ನಿಧಾನ ವೇಗದಲ್ಲಿ ಓಡಿಸಿ, ನ್ಯೂಟ್ರಲಿನಲ್ಲಿಟ್ಟು ಕ್ಲಚ್ ಪೂರ್ತಿ ತುಳಿಯಬೇಕು. ಒಂದರಿಂದ ಹತ್ತರವರೆಗೆ ಎಣಿಸುವಷ್ಟು ಹೊತ್ತು ಕಾಯಬೇಕು. ಅಷ್ಟರಲ್ಲಿ ಒಳಗಿನ ಶಾಫ್ಟು ತಾನಾಗಿ ತಿರುಗುವುದನ್ನು ನಿಲ್ಲಿಸಬೇಕು. ಈಗ ರಿವರ್ಸ್ ಹಾಕಿದರೆ ಸದ್ದಿಲ್ಲದೆ ಬೀಳಬೇಕು. ಹತ್ತು ಎಣಿಸಿದ ಮೇಲೂ ಹಲ್ಲು ಕಡಿದರೆ ಕ್ಲಚ್ ಎಳೆಯುತ್ತಿದೆ ಎಂದು ತಿಳಿಯಬೇಕು. ಕಾಯದೆ ಹಾಕಿದಾಗ ಮಾತ್ರ ಸದ್ದು ಬಂದು, ಕಾದಾಗ ಬಾರದಿದ್ದರೆ ಅದು ರೋಗವಲ್ಲ, ಆತುರ.

ಕ್ಲಚ್ ಎಳೆಯುವುದಕ್ಕೆ ಕಾರಣಗಳು

1. ಪೆಡಲಿನ ಸಡಿಲ ಚಲನೆ ಅತಿಯಾಗಿರುವುದು. ಪೆಡಲನ್ನು ಕೈಯಿಂದ ಒತ್ತಿದಾಗ ಮೊದಲಿಗೆ ಸ್ವಲ್ಪ ದೂರ ಹಗುರವಾಗಿ ಹೋಗಿ ಆಮೇಲೆ ಬಿಗಿ ಸಿಗುತ್ತದೆ. ಈ ಹಗುರ ಚಲನೆಯನ್ನೇ ಮೆಕ್ಯಾನಿಕರು ಫ್ರೀ ಪ್ಲೇ ಎನ್ನುವುದು. ಬಹುಪಾಲು ಟ್ರ್ಯಾಕ್ಟರು ಮತ್ತು ಹಳೆಯ ಜೀಪುಗಳಲ್ಲಿ ಇದು ಸುಮಾರು 25ರಿಂದ 40 ಮಿ.ಮೀ., ಅಂದರೆ ಒಂದರಿಂದ ಒಂದೂವರೆ ಅಂಗುಲ. ಆಯಾ ವಾಹನದ ಕೈಪಿಡಿಯಲ್ಲಿ ಹೇಳಿರುವ ಅಳತೆಯೇ ಅಂತಿಮ. ನಟ್ಟು ಸಡಿಲಾಗುವುದು, ಪಿನ್ನು ಮತ್ತು ಅದರ ರಂಧ್ರ ಸವೆಯುವುದು, ಸರಳು ಬಾಗುವುದು, ಕೇಬಲ್ ಹಿಗ್ಗುವುದು ಇವುಗಳಿಂದ ಸಡಿಲ ಚಲನೆ ಹೆಚ್ಚಾಗುತ್ತದೆ. ಆಗ ಪೆಡಲು ತಳ ಮುಟ್ಟಿದರೂ ಬೇರಿಂಗು ಸಾಕಷ್ಟು ಮುಂದೆ ಹೋಗುವುದಿಲ್ಲ.

2. ಪೆಡಲಿನ ಕೆಳಗೆ ಅಡ್ಡಿ. ದಪ್ಪ ಮ್ಯಾಟು, ಒಣಗಿದ ಕೆಸರಿನ ಗಡ್ಡೆ, ಕಾಲಡಿ ಬಿದ್ದ ಸ್ಪ್ಯಾನರು ಪೆಡಲನ್ನು ಪೂರ್ತಿ ಇಳಿಯಲು ಬಿಡದಿರಬಹುದು. ಮೊದಲು ನೋಡಬೇಕಾದ್ದು ಇದನ್ನೇ.

3. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಗಾಳಿ. ಈಚಿನ ಜೀಪುಗಳಲ್ಲಿ ಸರಳಿನ ಬದಲು ದ್ರವದ ಒತ್ತಡದಿಂದ ಕ್ಲಚ್ ಬಿಡುವ ವ್ಯವಸ್ಥೆ ಇದೆ. ಒಂದು ಸಲ ತುಳಿದರೆ ಗೇರು ಬೀಳದೆ, ನಾಲ್ಕೈದು ಸಲ ಬೇಗ ಬೇಗ ತುಳಿದ ಮೇಲೆ ಬಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ ಅಥವಾ ಸಿಲಿಂಡರಿನ ರಬ್ಬರು ಸೋರುತ್ತಿದೆ. ದ್ರವದ ಡಬ್ಬಿಯ ಮಟ್ಟ, ಪೆಡಲಿನ ಹಿಂದಿನ ಮಾಸ್ಟರ್ ಸಿಲಿಂಡರು, ಗೇರ್ ಬಾಕ್ಸಿನ ಪಕ್ಕದ ಸ್ಲೇವ್ ಸಿಲಿಂಡರು, ಈ ಮೂರನ್ನೂ ನೋಡಬೇಕು. ಮಟ್ಟ ಇಳಿದಿದ್ದರೆ ಬ್ರೇಕ್ ಆಯಿಲನ್ನೇ ಹಾಕಬೇಕು. ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಭಾಗಗಳು ಉಬ್ಬಿ ಇಡೀ ವ್ಯವಸ್ಥೆ ಕೆಡುತ್ತದೆ.

4. ಪ್ಲೇಟು ಅಂಟಿಕೊಂಡಿರುವುದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ವಾಹನದಲ್ಲಿ ತುಕ್ಕು ಹಿಡಿದು ಪ್ಲೇಟು ಫ್ಲೈವ್ಹೀಲಿಗೆ ಅಂಟಿಕೊಳ್ಳುತ್ತದೆ. ಇದನ್ನು ಪಳಗಿದ ಮೆಕ್ಯಾನಿಕರಿಂದಲೇ ಬಿಡಿಸಬೇಕು. ಬಹಳ ದಿನ ನಿಲ್ಲಿಸುವುದಿದ್ದರೆ ಪೆಡಲನ್ನು ಒತ್ತಿ ಮರದ ತುಂಡು ಕೊಟ್ಟು ನಿಲ್ಲಿಸುವುದು ಒಳ್ಳೆಯ ಪದ್ಧತಿ.

5. ಪ್ಲೇಟು ಸೊಟ್ಟಗಾಗಿರುವುದು, ಫಿಂಗರುಗಳ ಎತ್ತರ ಏರುಪೇರಾಗಿರುವುದು, ಪೈಲಟ್ ಬೇರಿಂಗು ಕಚ್ಚಿಕೊಂಡಿರುವುದು. ಇವು ಒಳಗಿನ ದೋಷಗಳು. ಮೊದಲ ನಾಲ್ಕು ಕಾರಣಗಳು ಇಲ್ಲವೆಂದು ಖಚಿತವಾದ ಮೇಲೆಯೇ ಬಿಚ್ಚುವ ಮಾತು.

ಮೂರನೆಯ ಪರೀಕ್ಷೆ: ಕ್ಲಚ್ ಜಾರುತ್ತಿದೆಯೇ?

ಜಾರುವ ಕ್ಲಚ್ಚಿನ ಗುರುತು ದಾರಿಯಲ್ಲೇ ಸಿಗುತ್ತದೆ. ಹೇರು ತುಂಬಿದ ಟ್ರೇಲರು ದಿಣ್ಣೆ ಹತ್ತುವಾಗ ಎಂಜಿನ್ನಿನ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಸುಟ್ಟ ವಾಸನೆ ಬರುತ್ತದೆ. ಡೀಸೆಲ್ ಹೆಚ್ಚು ಹೋಗುತ್ತದೆ. ಉಳುಮೆಯಲ್ಲಿ ಚಕ್ರವೇ ಜಾರುವುದಕ್ಕೂ ಕ್ಲಚ್ ಜಾರುವುದಕ್ಕೂ ವ್ಯತ್ಯಾಸವಿದೆ. ಚಕ್ರ ತಿರುಗುತ್ತಾ ನೆಲ ಕೆರೆದರೆ ಅದು ಟೈರಿನ ಜಾರಿಕೆ. ಎಂಜಿನ್ ತಿರುಗಿಯೂ ಚಕ್ರ ತಿರುಗದಿದ್ದರೆ ಅದು ಕ್ಲಚ್ಚಿನ ಜಾರಿಕೆ.

ಖಚಿತಪಡಿಸಿಕೊಳ್ಳಲು ಬಯಲಿನಲ್ಲಿ, ಮುಂದೆ ಹಿಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಬ್ರೇಕುಗಳನ್ನು ಬಲವಾಗಿ ಹಾಕಿ ಚಕ್ರಗಳಿಗೆ ಅಡ್ಡ ಕೊಡಬೇಕು. ದೊಡ್ಡ ಗೇರಿಗೆ ಹಾಕಿ, ಎಂಜಿನ್ ವೇಗವನ್ನು ಸ್ವಲ್ಪ ಹೆಚ್ಚಿಸಿ, ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಎಂಜಿನ್ ಉಸಿರು ಕಟ್ಟಿ ನಿಂತರೆ ಕ್ಲಚ್ ಹಿಡಿಯುತ್ತಿದೆ. ಪೆಡಲು ಪೂರ್ತಿ ಮೇಲೆ ಬಂದರೂ ಎಂಜಿನ್ ಓಡುತ್ತಲೇ ಇದ್ದರೆ ಜಾರುತ್ತಿದೆ. ಒಂದೇ ಸಲ ನೋಡಿದರೆ ಸಾಕು. ಪದೇ ಪದೇ ಮಾಡಿದರೆ ಪರೀಕ್ಷೆಯೇ ಪ್ಲೇಟನ್ನು ಸುಡುತ್ತದೆ.

ಇದಕ್ಕೂ ಮೊದಲು ಪೆಡಲಿನ ಸಡಿಲ ಚಲನೆಯನ್ನೇ ನೋಡಬೇಕು. ಇಲ್ಲಿ ಒಂದು ವಿಷಯ ಗಮನಾರ್ಹ. ಸರಳು ಅಥವಾ ಕೇಬಲ್ ಇರುವ ಕ್ಲಚ್ಚಿನಲ್ಲಿ ಪ್ಲೇಟು ಸವೆದಂತೆಲ್ಲ ಫಿಂಗರುಗಳು ಹಿಂದಕ್ಕೆ ಸರಿದು ರಿಲೀಸ್ ಬೇರಿಂಗಿಗೆ ಹತ್ತಿರವಾಗುತ್ತವೆ. ಪೆಡಲಿನ ಸಡಿಲ ಚಲನೆ ತಾನಾಗಿ ಕಡಿಮೆಯಾಗುತ್ತಾ ಬರುತ್ತದೆ. ಒಂದು ದಿನ ಅದು ಪೂರ್ತಿ ಇಲ್ಲವಾಗುತ್ತದೆ. ಆಗ ಯಾರೂ ತುಳಿಯದಿದ್ದರೂ ಕ್ಲಚ್ ಸ್ವಲ್ಪ ತುಳಿದಂತೆಯೇ ಇರುತ್ತದೆ. ಬೇರಿಂಗು ಸದಾ ತಿರುಗಿ ಸವೆಯುತ್ತದೆ, ಪ್ಲೇಟು ಜಾರಿ ಸುಡುತ್ತದೆ. ತಿಂಗಳಿಗೊಮ್ಮೆ ಅಳೆದು ಸರಿಪಡಿಸುವ ರೈತನ ಪ್ಲೇಟು, ಎಂದೂ ಅಳೆಯದವನ ಪ್ಲೇಟಿಗಿಂತ ಬಹುಕಾಲ ಬಾಳುತ್ತದೆ.

ಸಡಿಲ ಚಲನೆ ಸರಿಯಿದ್ದೂ ಕ್ಲಚ್ ಜಾರಿದರೆ ಪ್ಲೇಟಿನ ಮೇಲೆ ಎಣ್ಣೆ ಬಿದ್ದಿರಬಹುದು, ಲೈನಿಂಗ್ ಸವೆದಿರಬಹುದು ಅಥವಾ ಸ್ಪ್ರಿಂಗು ಸೋತಿರಬಹುದು. ಅನೇಕ ವಾಹನಗಳಲ್ಲಿ ಕ್ಲಚ್ ಮನೆಯ ತಳದಲ್ಲಿ ಒಂದು ಚಿಕ್ಕ ರಂಧ್ರವಿದ್ದು, ಅದರಲ್ಲಿ ಸ್ಪ್ಲಿಟ್ ಪಿನ್ನು ಸಡಿಲವಾಗಿ ತೂಗುತ್ತಿರುತ್ತದೆ. ಸೋರಿದ ಎಣ್ಣೆ ಹೊರಬೀಳಲಿ ಎಂದೇ ಈ ರಂಧ್ರ. ಕೆಸರು ಉಳುಮೆಯ ನಂತರ ಇದು ಮಣ್ಣಿನಿಂದ ಮುಚ್ಚಿಹೋಗುತ್ತದೆ. ಪಿನ್ನನ್ನು ಅಲ್ಲಾಡಿಸಿ ಶುಚಿ ಮಾಡಬೇಕು. ಅಲ್ಲಿಂದ ತೊಟ್ಟಿಕ್ಕುವ ಎಣ್ಣೆ ಕಪ್ಪಾಗಿ ತೆಳುವಾಗಿದ್ದರೆ ಎಂಜಿನ್ನಿನ ಹಿಂದಿನ ಸೀಲಿನದು. ಮಂದವಾಗಿ ಗಂಧಕದಂತಹ ವಾಸನೆ ಇದ್ದರೆ ಗೇರ್ ಬಾಕ್ಸಿನ ಸೀಲಿನದು. ಸೀಲನ್ನು ಬದಲಿಸದೆ ಪ್ಲೇಟನ್ನು ಮಾತ್ರ ಬದಲಿಸಿದರೆ ಹೊಸ ಪ್ಲೇಟೂ ಎಣ್ಣೆ ಕುಡಿಯುತ್ತದೆ. ಎಣ್ಣೆ ಬಿದ್ದ ಕ್ಲಚ್ಚು ಬಿಡುವಾಗ ವಾಹನ ಗಡಗಡ ನಡುಗುವುದೂ ಉಂಟು. ನಡುಕಕ್ಕೆ ಎಂಜಿನ್ನಿನ ಮೌಂಟಿಂಗ್ ಸಡಿಲವಾಗಿರುವುದೂ ಕಾರಣವಾಗಬಹುದು. ಅದನ್ನು ಹೊರಗಿನಿಂದಲೇ ನೋಡಬಹುದು.

ನಾಲ್ಕನೆಯ ಪರೀಕ್ಷೆ: ಕಿವಿಗೊಟ್ಟು ಕೇಳುವುದು

ಎಂಜಿನ್ ಓಡುತ್ತಿರಲಿ, ಗೇರು ನ್ಯೂಟ್ರಲಿನಲ್ಲಿರಲಿ. ಈಗ ಪೆಡಲಿನ ಜೊತೆ ಸದ್ದು ಹೇಗೆ ಬದಲಾಗುತ್ತದೆ ಎಂಬುದನ್ನು ಗಮನಿಸಬೇಕು.

ಪೆಡಲನ್ನು ಮೆಲ್ಲಗೆ ಒತ್ತಿ ಬಿಗಿ ಸಿಕ್ಕ ಕೂಡಲೇ ಕಿರುಗುಟ್ಟುವ ಸದ್ದು ಬಂದರೆ ರಿಲೀಸ್ ಬೇರಿಂಗು ಸವೆದಿದೆ.

ಪೆಡಲನ್ನು ಪೂರ್ತಿ ತುಳಿದು ಗೇರು ಹಾಕಿ ನಿಂತಾಗ ಮಾತ್ರ ಸದ್ದು ಬಂದರೆ ಪೈಲಟ್ ಬೇರಿಂಗನ್ನು ಸಂಶಯಿಸಬೇಕು.

ಪೆಡಲು ಮೇಲಿರುವಾಗ ಸದ್ದಿದ್ದು, ತುಳಿದ ಸ್ವಲ್ಪ ಹೊತ್ತಿಗೆ ಸದ್ದು ಅಡಗಿದರೆ ದೋಷ ಗೇರ್ ಬಾಕ್ಸಿನ ಮುಂದಿನ ಬೇರಿಂಗಿನಲ್ಲಿದೆ.

ಈ ಮೂರು ಮಾತುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಹೇಳಿದರೆ ಮೆಕ್ಯಾನಿಕರ ಅರ್ಧ ಕೆಲಸ ಮುಗಿದಂತೆ.

ಗೇರಿನ ದೋಷಗಳು

ಕ್ಲಚ್ ಸರಿಯಿದೆ ಎಂದು ತಿಳಿದ ಮೇಲೆ ಗೇರಿನ ಕಡೆ ನೋಡಬೇಕು.

ಮೊದಲನೆಯದು, ಗೇರು ಗಡುಸಾಗಿ ಬೀಳುವುದು. ಎಣ್ಣೆಯ ಮಟ್ಟ ಮತ್ತು ಬಣ್ಣ ನೋಡಬೇಕು. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸ್, ಡಿಫರೆನ್ಷಿಯಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ. ಹಳ್ಳ ದಾಟಿದ ಮೇಲೆ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ತಡಮಾಡದೆ ಬದಲಿಸಬೇಕು. ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಬೇಕು. ಸಿಂಕ್ರೋಮೆಷ್ ಗೇರುಗಳ ಉಂಗುರಗಳು ಸಾಮಾನ್ಯವಾಗಿ ಹಿತ್ತಾಳೆಯವು. ಡಿಫರೆನ್ಷಿಯಲಿಗೆಂದು ಮಾಡಿದ ಕೆಲವು ಎಣ್ಣೆಗಳು ಅವಕ್ಕೆ ಒಗ್ಗುವುದಿಲ್ಲ.

ಎರಡನೆಯದು, ಓಡುವಾಗ ಗೇರು ತಾನಾಗಿ ಹೊರಬೀಳುವುದು. ಗೇರನ್ನು ಸ್ಥಾನದಲ್ಲಿ ಹಿಡಿದಿಡಲು ಒಳಗೆ ಸ್ಪ್ರಿಂಗು ಮತ್ತು ಗುಂಡು ಇರುತ್ತವೆ. ಸ್ಪ್ರಿಂಗು ಸೋತರೆ, ಫೋರ್ಕು ಅಥವಾ ಹಲ್ಲುಗಳ ಅಂಚು ಸವೆದರೆ ಗೇರು ಜಾರುತ್ತದೆ. ಆದರೆ ಲಿವರಿನ ರಬ್ಬರು ಗಟ್ಟಿಯಾಗಿಯೋ ಸೀಟು ತಾಗಿಯೋ ಲಿವರು ಪೂರ್ತಿ ಹೋಗದಿದ್ದರೂ ಹೀಗೆಯೇ ಆಗುತ್ತದೆ. ಮೊದಲು ಅದನ್ನು ನೋಡಬೇಕು. ಲಿವರನ್ನು ಹಗ್ಗದಿಂದ ಕಟ್ಟಿ ಓಡಿಸುವ ಪದ್ಧತಿ ಅಪಾಯಕಾರಿ.

ಮೂರನೆಯದು, ಗೇರಿನ ಜಾತಿ ತಿಳಿಯದೆ ಬದಲಿಸುವುದು. ಮೂರು ಗೇರಿನ ಹಳೆಯ ವಿಲ್ಲೀಸ್ ಮಾದರಿಯ ಜೀಪಿನಲ್ಲಿ 2 ಮತ್ತು 3ನೆಯ ಗೇರಿಗೆ ಮಾತ್ರ ಸಿಂಕ್ರೋಮೆಷ್ ಇದೆ. ಮೊದಲನೆಯ ಗೇರಿಗೂ ರಿವರ್ಸಿಗೂ ಇಲ್ಲ. ಓಡುತ್ತಿರುವ ಜೀಪನ್ನು 2ರಿಂದ 1ಕ್ಕೆ ಇಳಿಸಿದರೆ ಹಲ್ಲು ಕಡಿಯುವುದು ಸಹಜ. ನಿಲ್ಲಿಸಿ ಹಾಕಬೇಕು. ಅನಿವಾರ್ಯವಾದರೆ ಕ್ಲಚ್ಚನ್ನು ಎರಡು ಸಲ ತುಳಿಯುವ ಕ್ರಮ ಕಲಿಯಬೇಕು. ಕ್ಲಚ್ ತುಳಿದು ನ್ಯೂಟ್ರಲಿಗೆ ತರುವುದು, ಕ್ಲಚ್ ಬಿಟ್ಟು ಎಂಜಿನ್ ವೇಗ ಸ್ವಲ್ಪ ಏರಿಸುವುದು, ಮತ್ತೆ ಕ್ಲಚ್ ತುಳಿದು ಕೆಳಗಿನ ಗೇರಿಗೆ ಹಾಕುವುದು. ಹಳೆಯ ಟ್ರ್ಯಾಕ್ಟರುಗಳಲ್ಲಂತೂ, ಅದರಲ್ಲೂ ಹೈ-ಲೋ ಲಿವರನ್ನು, ನಿಲ್ಲಿಸಿಯೇ ಬದಲಿಸತಕ್ಕದ್ದು.

ನಾಲ್ಕು ಚಕ್ರದ ಲಿವರು ಕಚ್ಚಿಕೊಂಡರೆ

ಜೀಪಿನಲ್ಲಿ ಮುಂದಿನ ಚಕ್ರಗಳಿಗೂ ಎಳೆತ ಕೊಡುವ ಲಿವರು ಬೇರೆ ಇದೆ. ಹಳ್ಳದ ಮರಳಿನಲ್ಲಿ ಹಾಕಿದ ಇದನ್ನು ಡಾಂಬರು ರಸ್ತೆಗೆ ಬಂದ ಮೇಲೆ ತೆಗೆಯಲು ಹೋದರೆ ಬರುವುದಿಲ್ಲ ಎಂಬುದು ಹಲವರ ದೂರು. ಇದು ದೋಷವಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಹೋಗುತ್ತವೆ. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಗಟ್ಟಿ ರಸ್ತೆಯಲ್ಲಿ ಜಾರಲು ಅವಕಾಶವಿಲ್ಲದೆ ಶಾಫ್ಟುಗಳು ಹುರಿಯಂತೆ ಬಿಗಿದುಕೊಳ್ಳುತ್ತವೆ. ಲಿವರನ್ನು ಸುತ್ತಿಗೆಯಿಂದ ಹೊಡೆಯಬಾರದು. ಜೀಪನ್ನು ನೇರವಾಗಿ ನಾಲ್ಕಾರು ಗಜ ಹಿಂದಕ್ಕೆ ಓಡಿಸಿದರೆ ಅಥವಾ ರಸ್ತೆ ಬದಿಯ ಸಡಿಲ ಮಣ್ಣಿಗೆ ಇಳಿಸಿದರೆ ಬಿಗಿ ಬಿಟ್ಟು ಲಿವರು ತಾನೇ ಹಗುರಾಗುತ್ತದೆ. ಗಟ್ಟಿ ರಸ್ತೆಯಲ್ಲಿ ನಾಲ್ಕು ಚಕ್ರದ ಎಳೆತ ಹಾಕಕೂಡದು.

ಇಳಿಜಾರಿನಲ್ಲಿ ಪ್ರಾಣದ ಪ್ರಶ್ನೆ

ಈವರೆಗೆ ಹೇಳಿದ್ದು ಹಣ ಮತ್ತು ಹದದ ಮಾತು. ಇನ್ನು ಹೇಳಬೇಕಾದ್ದು ಪ್ರಾಣದ ಮಾತು. ಈ ಸೀಮೆಯ ವಾಹನಗಳು ಬಿಳಿಗಿರಿರಂಗನ ಬೆಟ್ಟದ ದಾರಿ ಹತ್ತಬೇಕು. ಹಾಸನೂರಿನ ಮೂಲಕ ಸತ್ಯಮಂಗಲದ ಕಡೆಗೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲಿನಲ್ಲಿ ಇಳಿಸುವವರೂ, ಕ್ಲಚ್ ತುಳಿದುಕೊಂಡೇ ಇಳಿಸುವವರೂ ಇದ್ದಾರೆ. ಎರಡೂ ಒಂದೇ. ಎಂಜಿನ್ನಿನ ತಡೆ ತಪ್ಪಿ ಹೊರೆಯೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ವೇಗ ಏರಿದ ಮೇಲೆ ಸಿಂಕ್ರೋಮೆಷ್ ಇಲ್ಲದ ಗೇರನ್ನು ಮತ್ತೆ ಹಾಕಲು ಸಾಧ್ಯವಾಗುವುದೇ ಇಲ್ಲ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬ ಹಳೆಯ ಡ್ರೈವರುಗಳ ಮಾತು ಸರಿಯಾದದ್ದು. ಇಳಿಜಾರು ಶುರುವಾಗುವ ಮುನ್ನವೇ ಗೇರು ಇಳಿಸಬೇಕು. ಟ್ರ್ಯಾಕ್ಟರಿನ ಎರಡು ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಿಕೊಂಡಿರಬೇಕು. ಓಡುವಾಗ ಗೇರು ಹೊರಬೀಳುವ ವಾಹನವನ್ನು ದುರಸ್ತಿಯಾಗುವವರೆಗೆ ಘಾಟಿಗೆ ಒಯ್ಯಲೇಬಾರದು.

ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಕೇರಳದ ಕಡೆ ತರಕಾರಿ ಸಾಗಿಸುವವರು ಇನ್ನೊಂದನ್ನು ನೆನಪಿಡಬೇಕು. ಆ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಸಂಜೆ ಕ್ಲಚ್ ಕೈಕೊಟ್ಟು ಆನೆ ಓಡಾಡುವ ಜಾಗದಲ್ಲಿ ನಿಂತರೆ ಸಹಾಯ ಸಿಗುವುದು ಕಷ್ಟ. ಹೊರಡುವ ಮುನ್ನ ಪೆಡಲಿನ ಸಡಿಲ ಚಲನೆ, ಲಾಕ್ ನಟ್ಟು, ಕ್ಲಚ್ ದ್ರವದ ಮಟ್ಟ ನೋಡಿಕೊಳ್ಳಬೇಕು. ಒಂದು ಜೊತೆ ಸ್ಪ್ಯಾನರು, ಪಿನ್ನು, ತಂತಿ ಜೊತೆಗಿರಬೇಕು.

ಕ್ಲಚ್ ಕೆಟ್ಟ ಟ್ರ್ಯಾಕ್ಟರನ್ನು ನೆಲದ ಮೇಲೆ ನಿಂತು, ಸ್ಟಾರ್ಟರಿನ ತಂತಿಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಚಾಲೂ ಮಾಡುವ ಸಾಹಸ ಕೆಲವೆಡೆ ಕಂಡುಬರುತ್ತದೆ. ಗೇರಿನಲ್ಲಿರುವ ಟ್ರ್ಯಾಕ್ಟರು ತಕ್ಷಣ ಮುಂದೆ ನುಗ್ಗಿ, ಪಕ್ಕದಲ್ಲಿ ನಿಂತವನ ಮೇಲೆಯೇ ಹಿಂದಿನ ಚಕ್ರ ಹತ್ತುತ್ತದೆ. ಸೀಟಿನ ಮೇಲೆ ಕುಳಿತು, ನ್ಯೂಟ್ರಲಿನಲ್ಲಿಟ್ಟು ಮಾತ್ರ ಚಾಲೂ ಮಾಡಬೇಕು. ಎಷ್ಟೇ ಅವಸರವಿದ್ದರೂ ಈ ನಿಯಮ ಮೀರಕೂಡದು.

ಬಿಚ್ಚಲೇಬೇಕಾದಾಗ

ಹೊರಗಿನ ಕಾರಣಗಳೆಲ್ಲ ಮುಗಿದು ಬಿಚ್ಚುವುದೇ ಅನಿವಾರ್ಯವಾದರೆ ಒಂದೇ ಸಲಕ್ಕೆ ಎಲ್ಲವನ್ನೂ ನೋಡಿಸಬೇಕು. ಟ್ರ್ಯಾಕ್ಟರನ್ನು ಎರಡು ಭಾಗ ಮಾಡುವ ಕೂಲಿಯೇ ದೊಡ್ಡದು. ಲೈನಿಂಗಿನ ಮೇಲ್ಮೈ ರಿವೆಟಿನ ತಲೆಯಿಂದ 0.3 ಮಿ.ಮೀ.ನಷ್ಟೇ ಉಳಿದಿದ್ದರೆ ಪ್ಲೇಟನ್ನು ಬದಲಿಸಬೇಕು. ರಿವೆಟು ಉಜ್ಜಿದರೆ ಫ್ಲೈವ್ಹೀಲಿನಲ್ಲಿ ಗೀರು ಬಿದ್ದು ಖರ್ಚು ಇಮ್ಮಡಿಯಾಗುತ್ತದೆ. ರಿಲೀಸ್ ಬೇರಿಂಗು, ಪೈಲಟ್ ಬೇರಿಂಗು, ಎರಡು ಕಡೆಯ ಎಣ್ಣೆ ಸೀಲುಗಳನ್ನೂ ಅದೇ ಸಮಯದಲ್ಲಿ ಪರೀಕ್ಷಿಸಬೇಕು. ಫಿಂಗರುಗಳ ಎತ್ತರ ಸಮ ಮಾಡಿಸಬೇಕು. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆದು ನೋಡುವುದು ರೈತನ ಹಕ್ಕು.

ಬಿಚ್ಚಿದ ಕ್ಲಚ್ಚಿನ ಧೂಳನ್ನು ಬಾಯಿಂದಾಗಲೀ ಗಾಳಿ ಪಂಪಿನಿಂದಾಗಲೀ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಿಂದ ಒರೆಸಬೇಕು. ಜ್ಯಾಕ್ ಒಂದನ್ನೇ ನಂಬಿ ವಾಹನದ ಕೆಳಗೆ ನುಸುಳಬಾರದು. ಗಟ್ಟಿ ಮರದ ದಿಮ್ಮಿ ಕೊಟ್ಟಿರಬೇಕು.

ರೂಢಿಸಿಕೊಳ್ಳಬೇಕಾದ ಅಭ್ಯಾಸಗಳು

ಕ್ಲಚ್ಚಿನ ಆಯುಷ್ಯ ಡ್ರೈವರಿನ ಎಡಗಾಲಿನಲ್ಲಿದೆ. ಓಡಿಸುವಾಗ ಪಾದವನ್ನು ಪೆಡಲಿನ ಮೇಲೆ ಇಟ್ಟುಕೊಂಡಿರಬಾರದು. ದಿಣ್ಣೆಯ ಮೇಲೆ ಅರ್ಧ ಕ್ಲಚ್ಚಿನಲ್ಲಿ ವಾಹನವನ್ನು ತಡೆದು ನಿಲ್ಲಿಸಬಾರದು. ಅದಕ್ಕೆ ಬ್ರೇಕು ಇದೆ. ಕೆಸರಿನಲ್ಲಿ ಹೂತ ಚಕ್ರವನ್ನು ಎಬ್ಬಿಸಲು ಎಂಜಿನ್ ವೇಗ ಏರಿಸಿ ಕ್ಲಚ್ಚನ್ನು ಥಟ್ಟನೆ ಬಿಡಬಾರದು. ಕೆಲವೇ ನಿಮಿಷಗಳ ಹಟಕ್ಕೆ ಪ್ಲೇಟು ಸುಟ್ಟುಹೋಗುತ್ತದೆ. ಡಬಲ್ ಕ್ಲಚ್ ಇರುವ ಟ್ರ್ಯಾಕ್ಟರಿನಲ್ಲಿ ಅರ್ಧ ತುಳಿದರೆ ಚಲನೆ ನಿಲ್ಲುತ್ತದೆ, ಪೂರ್ತಿ ತುಳಿದರೆ ಪಿ.ಟಿ.ಓ. ಕೂಡ ನಿಲ್ಲುತ್ತದೆ ಎಂಬುದನ್ನು ರೋಟವೇಟರ್ ಬಳಸುವವರು ತಿಳಿದಿರಬೇಕು. ಬಾಡಿಗೆ ಡ್ರೈವರಿಗೆ ಗಾಡಿ ಕೊಡುವಾಗ ಈ ಮಾತುಗಳನ್ನು ಬಾಯಿಬಿಟ್ಟು ಹೇಳಬೇಕು.

ರೈತ ಬಾಂಧವರೇ, ಎತ್ತು ಮೇವು ಬಿಟ್ಟರೆ ಹಿರಿಯರು ಅದರ ಕಿವಿ ಮುಟ್ಟಿ, ಹೊಟ್ಟೆ ನೋಡಿ, ನಡಿಗೆ ಗಮನಿಸಿ ಆಮೇಲೆ ಮದ್ದು ಮಾಡುತ್ತಿದ್ದರು. ನೋಡದೆ ಕೊಯ್ಯುತ್ತಿರಲಿಲ್ಲ. ಯಂತ್ರಕ್ಕೂ ಅದೇ ನ್ಯಾಯ. ಎಂಜಿನ್ ನಿಲ್ಲಿಸಿ ಗೇರು ಹಾಕಿ ನೋಡುವುದು, ಕಾದು ರಿವರ್ಸ್ ಹಾಕುವುದು, ಜಾರಿಕೆ ಪರೀಕ್ಷಿಸುವುದು, ಸದ್ದು ಕೇಳುವುದು ಈ ನಾಲ್ಕಕ್ಕೂ ಅರ್ಧ ಗಂಟೆ ಸಾಕು. ಮುಂಗಾರಿಗೆ ಮುಂಚೆ, ಯಂತ್ರ ಬಿಡುವಾಗಿರುವ ಒಂದು ದಿನ, ಪ್ರತಿಯೊಬ್ಬರೂ ತಮ್ಮ ವಾಹನದ ಮೇಲೆ ಇದನ್ನು ಮಾಡಿ ನೋಡಿದರೆ ಹದ ಬಂದ ಬೆಳಿಗ್ಗೆ ಗಾಡಿ ಹೊಲದಲ್ಲಿರುತ್ತದೆ.